ರೈಟ್ ಹೇಳುವವರು

ಬಸ್ಸನ್ನು ಹೊರಡಿಸುವುದು ಡ್ರೈವರ್ ಎಂದು ತಿಳಿದವರು ನಮ್ಮ ಕಡೆಯ ಸರ್ವಿಸ್ ಬಸ್ಸಿನಲ್ಲಿ ಕೂತವರೇ ಅಲ್ಲ. ಡ್ರೈವರ್ ಬರೀ ಗೇರು ಹಾಕುತ್ತಾನೆ. ಬಾಗಿಲಲ್ಲಿ ನೇತಾಡುವ ಕಂಡಕ್ಟರ್ ತಗಡಿಗೆ ಎರಡು ಸಲ ಬಡಿದು "ರೈಟ್" ಅನ್ನುವವರೆಗೆ ಎಂಥ ಅವಸರದ ಡ್ರೈವರನೂ ಬ್ರೇಕಿನಿಂದ ಕಾಲು ತೆಗೆಯುವುದಿಲ್ಲ. ತೆಗೆದರೆ ಯಾವಳೋ ಅಜ್ಜಿ ಮೆಟ್ಟಿಲಿಂದ ಬಿದ್ದಳೆಂದೇ ಲೆಕ್ಕ.

ಸುಧಾಕರ ಶೆಟ್ಟರು ಬದುಕು ಶುರು ಮಾಡಿದ್ದು ಹೀಗೆ ರೈಟ್ ಹೇಳುವ ಕೆಲಸದಿಂದ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಮೊದಲು ಕಂಡಕ್ಟರ್, ಆಮೇಲೆ ಡ್ರೈವರ್, ಆಮೇಲೆ "ಸುರಕ್ಷಾ" ಎಂಬ ಹೆಸರಿನ ಎರಡು ಬಸ್ಸುಗಳ ಧಣಿ. ಕಡೆಗೆ ಬಸ್ಸುಗಳನ್ನು ಮಾರಿ ಪುಂಜಾಲಕಟ್ಟೆಯಲ್ಲಿ ಬಾಡಿ ಕಟ್ಟುವ ಶೆಡ್ಡು ಹಾಕಿದರು. ಕಂಪನಿಯಿಂದ ಬರೀ ಎಂಜಿನ್ನು, ಚಕ್ರ, ಅಸ್ಥಿಪಂಜರ ಬರುತ್ತದೆ. ಅದಕ್ಕೆ ಅಲ್ಯೂಮಿನಿಯಂ ತಗಡು ಹೊದೆಸಿ, ರಿವೆಟ್ ಹೊಡೆದು, ಕಿಟಕಿ ಬಾಗಿಲು ಇಟ್ಟು ಬಸ್ಸು ಮಾಡುವುದು ಶೆಟ್ಟರಂಥವರ ಕೆಲಸ. ಬಸ್ಸಿನಲ್ಲಿದ್ದ ಮೂವತ್ತು ವರ್ಷವೂ ಅದೇ ರಸ್ತೆ, ಅದೇ ತಿರುವು, ಅದೇ ಹೊಂಡ. ಅಷ್ಟು ಓಡಿಸಿದ ದೂರವನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಭೂಮಿಗೆ ಹತ್ತಿಪ್ಪತ್ತು ಸುತ್ತು ಬರುತ್ತಿತ್ತೋ ಏನೋ, ಆದರೆ ಶೆಟ್ಟರು ಪ್ರತಿದಿನ ಸಂಜೆ ಇಳಿದದ್ದು ಬಂಟ್ವಾಳದಲ್ಲೇ.

ಹಾಗಾಗಿ ತಂಗಿಯ ಮಗಳು ದೀಕ್ಷಿತಾ, ಆಫ್ರಿಕಾದಲ್ಲಿ ಸಣ್ಣ ಸರಕು ವಿಮಾನ ಹಾರಿಸಿ ಊರಿಗೆ ಬಂದವಳು, "ಮಾವ, ಬಸ್ಸು ಕಟ್ಟಿದ ಕೈಯಲ್ಲಿ ಒಂದು ವಿಮಾನ ಕಟ್ಟುವನಾ? ಇಬ್ಬರು ಕೂರುವಂಥದ್ದು. ಕಟ್ಟಿ, ಪ್ರಪಂಚ ಸುತ್ತಿ ಬರುವ" ಎಂದು ಕೇಳಿದಾಗ ಅವರು ಒಂದು ನಿಮಿಷವೂ ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ ಬಿಡಿ.

ನಕ್ಷೆ ತರಿಸಿದರು, ತಗಡು ತರಿಸಿದರು, ಎಂಜಿನ್ನು ತರಿಸಿದರು. ಆರು ಮಳೆಗಾಲ ಕಳೆಯಿತು. ಬಸ್ಸಿನ ಬಾಡಿಗಳ ಮಧ್ಯೆ ನಿಂತ ಆ ಸಣ್ಣ ವಿಮಾನವನ್ನು ನೋಡಲು ಬಂದವರೆಲ್ಲ ಒಂದೊಂದು ಚುಚ್ಚುಮಾತು ಬಿಟ್ಟು ಹೋದರು. ಬಾಗಿಲ ಕೆಳಗೆ ಶೆಟ್ಟರು ತಾವೇ ಪೇಂಟಿನಲ್ಲಿ ಬಸ್ಸಿನ ಬೋರ್ಡಿನ ಹಾಗೆ "ಬಂಟ್ವಾಳ – ಬಂಟ್ವಾಳ" ಎಂದು ಬರೆದಿದ್ದರು. "ವಯಾ ಎಲ್ಲಿ ಶೆಟ್ರೇ?" ಎಂದು ಒಬ್ಬ ಕೆಣಕಿದ. "ವಯಾ ಪ್ರಪಂಚ" ಎಂದು ಶೆಟ್ಟರು ತಲೆ ಎತ್ತದೆ ರಿವೆಟ್ ಹೊಡೆದರು.

ಅವರದ್ದು ಒಂದು ವಿಚಿತ್ರ ವ್ರತ ಇತ್ತು. ತನ್ನದೇ ಬಸ್ಸು ಹತ್ತಿದರೂ ಟಿಕೆಟ್ ತೆಗೆಯದೆ ಕೂರುತ್ತಿರಲಿಲ್ಲ. ಧಣಿ ಪುಕ್ಕಟೆ ಕೂತರೆ ನಾಳೆ ಧಣಿಯ ಭಾವ, ನಾಡಿದ್ದು ಭಾವನ ನೆಂಟರು, ಅದರಾಚೆ ಕಂಡಕ್ಟರನ ಸ್ವಂತ ಕಿಸೆ, ಹೀಗೆ ಕಟ್ಟು ಸಡಿಲವಾಗುತ್ತಾ ಹೋಗುತ್ತದೆ ಎಂದು ಅವರ ವಾದ. ವಿಮಾನವನ್ನು ಬಿಚ್ಚಿ ಲಾರಿಯಲ್ಲಿ ಮೈಸೂರಿಗೆ ಒಯ್ದು, ಅಲ್ಲಿ ಪರೀಕ್ಷೆಯ ಹಾರಾಟಗಳೆಲ್ಲ ಮುಗಿದು, ದಿಲ್ಲಿಯ ವಿಮಾನ ಇಲಾಖೆಯವರ ಪರವಾನಿಗೆ ಸಿಕ್ಕಿ, ಅದನ್ನು ಬಜಪೆಯ ವಿಮಾನ ನಿಲ್ದಾಣಕ್ಕೆ ತರುವ ದಿನ ದೀಕ್ಷಿತಾ ಮೊದಲ ಬಾರಿ ಮಾವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡಳು. ಘಟ್ಟ ದಾಟಿ, ಕಡಲು ಕಂಡು, ಬಜಪೆಯಲ್ಲಿ ಇಳಿದ ಮೇಲೆ ಶೆಟ್ಟರು ಕಿಸೆಯಿಂದ ಇಪ್ಪತ್ತರ ನೋಟು ತೆಗೆದು ಅವಳ ಕೈಗಿಟ್ಟರು.

"ಎಂತ ಮಾವ ಇದು?"

"ಟಿಕೆಟ್."

ದೀಕ್ಷಿತಾ ನಗುತ್ತಾ ನೋಟನ್ನು ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು.

ವಿಮಾನ ಕಟ್ಟುವುದು ಸುಲಭದ ಕೆಲಸವಾಗಿತ್ತು ಎಂದು ಗೊತ್ತಾದದ್ದು ಆಮೇಲೆ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ವಿಮಾನಕ್ಕಿಂತ ಅದರ ಪರ್ಮಿಶನ್ನೇ ಭಾರವಾಯಿತು. ಕಂಪನಿಯಲ್ಲಿ ಹುಟ್ಟಿದ ವಿಮಾನಕ್ಕೆ ಎಲ್ಲ ದೇಶಗಳೂ ಒಪ್ಪುವ ಒಂದು ಪತ್ರ ಇರುತ್ತದೆ. ಮನೆಯಲ್ಲಿ ಹುಟ್ಟಿದ್ದಕ್ಕೆ ಇಲ್ಲ. ಅದು ಪ್ರತಿಯೊಂದು ದೇಶದ ಬಾಗಿಲನ್ನೂ ಬಡಿಯಬೇಕು. ಇಳಿಯುವುದಕ್ಕೆ ಮಾತ್ರ ಅಲ್ಲ, ಮೇಲಿಂದ ಹಾದುಹೋಗುವುದಕ್ಕೂ. "ನಿಲ್ಲದ ಸ್ಟಾಪಿಗೂ ಪರ್ಮಿಟ್ ತೆಗೆಯಬೇಕಾ?" ಎಂದು ಶೆಟ್ಟರಿಗೆ ಸಿಟ್ಟೇ ಬಂದಿತ್ತು. ಕೊಟ್ಟವರೂ ತಾರೀಕು ಕಟ್ಟಿ ಕೊಟ್ಟರು: ಇಂಥ ದಿನದಿಂದ ಇಂಥ ದಿನದೊಳಗೆ ಬಂದು ಹೋಗಬೇಕು. ಒಂದು ತಪ್ಪಿದರೆ ಅದರ ಮುಂದಿನವು ಎಲ್ಲ ತಪ್ಪಿದ ಹಾಗೆ.

ಈ ಬಾಗಿಲು ಬಡಿಯುವ ಕೆಲಸವನ್ನು ಹೊತ್ತವರು ಶೆಟ್ಟರ ಶಾಲೆಯ ಗೆಳೆಯ ಸುಲೈಮಾನ್. ಬಿ.ಸಿ.ರೋಡಿನಲ್ಲಿ ಟ್ರಾವೆಲ್ಸ್ ಇಟ್ಟು ಅರ್ಧ ತಾಲೂಕನ್ನು ಗಲ್ಫಿಗೆ ಕಳಿಸಿದ ಮನುಷ್ಯ. ಯಾವ ದೇಶದ ಯಾವ ಕಚೇರಿಯಲ್ಲಿ ಯಾವ ಹೊತ್ತಿಗೆ ಫೋನ್ ಎತ್ತುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಅರ್ಜಿ ತುಂಬುವಾಗ ಅವರು ಫೋನಿನಲ್ಲಿ ಕೇಳಿದ್ದರು: "ದೀಕ್ಷಿತಾ ಪೈಲಟ್ ಆಯ್ತು. ನಿನ್ನನ್ನು ಎಂತ ಅಂತ ಹಾಕುವುದು ಮಾರಾಯ?"

"ಪ್ಯಾಸೆಂಜರ್ ಅಂತ ಹಾಕು. ಟಿಕೆಟ್ ತೆಗೆದವನಲ್ಲವಾ ನಾನು."

ಆಗ ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು.

ಒಂದೊಂದಾಗಿ ಎಲ್ಲ ದೇಶಗಳ ಒಪ್ಪಿಗೆ ಬಂತು. ಉಳಿದದ್ದು ಒಂದು. ಕಡಲಾಚೆಯ ಮೊದಲ ದೇಶ, ಅದನ್ನು ದಾಟದೆ ಮುಂದೆ ದಾರಿಯೇ ಇಲ್ಲ. ಹೆಸರು ಬೇಡ, ನಾಳೆ ನಮ್ಮೂರ ಮಕ್ಕಳು ಅಲ್ಲಿಗೆ ಕೆಲಸಕ್ಕೆ ಹೋಗಬೇಕು. ಏಪ್ರಿಲಿನ ಬಿಸು ಹಬ್ಬ ಮುಗಿದ ಮರುವಾರ ಹೊರಡುವುದೆಂದು ನಿಶ್ಚಯವಾಗಿತ್ತು. ಹಬ್ಬಕ್ಕೆ ಇನ್ನು ಸ್ವಲ್ಪವೇ ದಿನ ಇರುವಾಗ ಸುಲೈಮಾನ್ ಫೋನ್ ಮಾಡಿ, "ಕಲ್ಲಡ್ಕಕ್ಕೆ ಬಾ, ಚಾ ಕುಡಿಯುವ" ಎಂದರು.

ಹಾಲು ಬೇರೆ ಡಿಕಾಕ್ಷನ್ ಬೇರೆಯಾಗಿ ನಿಲ್ಲುವ ಕಲ್ಲಡ್ಕದ ಹೆಸರುವಾಸಿ ಚಾದ ಗ್ಲಾಸನ್ನು ಸುಲೈಮಾನ್ ಯಾವಾಗಲೂ ಒಂದು ಗಳಿಗೆ ನೋಡಿಯೇ ಕುಡಿಯುವವರು. ಅವತ್ತು ಇಟ್ಟ ಕೂಡಲೇ ಚಮಚ ಹಾಕಿ ಗರಗರ ಕಲಸಿದರು. ಏನೋ ಎಡವಟ್ಟಾಗಿದೆ ಎಂದು ಶೆಟ್ಟರಿಗೆ ಅಲ್ಲೇ ಗೊತ್ತಾಯಿತು.

"ಆ ಒಂದು ದೇಶದ್ದು ಬಂತಾ?"

"ಬಂತು. ಕೊಟ್ಟಿದ್ದಾರೆ."

"ಮತ್ತೆ ಮುಖ ಯಾಕೆ ಹೀಗೆ?"

"ಕೊಟ್ಟದ್ದು ದೀಕ್ಷಿತಾಳಿಗೆ ಮಾತ್ರ. ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಪ್ಯಾಸೆಂಜರ್ ಕೂರಿಸಲಿಕ್ಕಿಲ್ಲವಂತೆ. ಅವಳು ಒಬ್ಬಳೇ ಬರುವುದಾದರೆ ಬರಬಹುದಂತೆ."

ಶೆಟ್ಟರು ಗ್ಲಾಸನ್ನು ಎತ್ತಿ ಮತ್ತೆ ಇಟ್ಟರು. "ಅವಳಿಗೆ ಗೊತ್ತುಂಟಾ?"

"ಉಂಟು. ನಿನಗೆ ಹೇಳಲಿಕ್ಕೆ ಅವಳಿಗೆ ಬಾಯಿ ಬರಲಿಲ್ಲ. ನೀವೇ ಹೇಳಿ ಅಂದಳು."

"ಹಾಗಾದರೆ ನನ್ನ ಹೆಸರು ತೆಗಿ" ಎಂದು ಶೆಟ್ಟರು ಎದ್ದರು. ಚಾ ಹಾಗೇ ಉಳಿಯಿತು. ಸುಲೈಮಾನ್ ಹಿಂದಿನಿಂದ ಕರೆದದ್ದು ಕೇಳಿದರೂ ತಿರುಗಲಿಲ್ಲ, ಸ್ಕೂಟರಿಗೆ ಒದ್ದು ಹೊರಟೇಬಿಟ್ಟರು.

ಪುಂಜಾಲಕಟ್ಟೆಯ ಶೆಡ್ಡಿಗೆ ಬಂದು ವಿಮಾನ ನಿಂತಿದ್ದ ಖಾಲಿ ಜಾಗದಲ್ಲಿ ಒಂದು ಸ್ಟೂಲು ಹಾಕಿ ಕೂತರು. ಹೊಟ್ಟೆ ಉರಿಯಿತು. ಯಾರ ಮೇಲೆ ಎಂದು ಗೊತ್ತಾಗದೆ ಇನ್ನಷ್ಟು ಉರಿಯಿತು. ಒಂದೊಂದು ರಿವೆಟ್ಟನ್ನೂ ಕೈಯಾರೆ ಹೊಡೆದವರು ಅವರು. ಅದರ ಬಾಲದಿಂದ ಮೂಗಿನವರೆಗೆ ಅವರ ಬೆರಳು ಮುಟ್ಟದ ಜಾಗ ಇಲ್ಲ. ಈಗ ಅದು ಪ್ರಪಂಚ ಸುತ್ತುವಾಗ ಇವರು ಬಂಟ್ವಾಳದಲ್ಲಿ ಕೂತು ಮೊಬೈಲಿನಲ್ಲಿ ಫೋಟೋ ನೋಡಬೇಕು. ಒಮ್ಮೆ, ಒಂದೇ ಒಂದು ಸಲ, ಸಂಜೆ ಬಂಟ್ವಾಳದಲ್ಲಿ ಇಳಿಯದ ಟ್ರಿಪ್ಪು ಮಾಡಬೇಕೆಂದು ಆಸೆಪಟ್ಟದ್ದು ತಪ್ಪೇ? ಅಳು ಬಂತು. ಶೆಡ್ಡಿನಲ್ಲಿ ಯಾರೂ ಇರದ ಕಾರಣ ಶೆಟ್ಟರು ಅದನ್ನು ತಡೆಯಲಿಲ್ಲ.

ದೀಕ್ಷಿತಾ ಬಂದಾಗ ಅವರು ಮುಖ ತೊಳೆದಾಗಿತ್ತು. ಅವಳು ಬಾಗಿಲಲ್ಲೇ ನಿಂತು, "ಈ ವರ್ಷ ಬೇಡ ಮಾವ. ಬರುವ ವರ್ಷ ಇಬ್ಬರೂ ಹೋಗುವ" ಎಂದಳು.

"ಬರುವ ವರ್ಷ ಉಳಿದ ದೇಶದವರು ಕೊಡ್ತಾರಾ?"

ಕೊಡುತ್ತಾರೆಂದು ಯಾರು ಹೇಳಬಲ್ಲರು?

"ಅವರು ಬರೆದದ್ದನ್ನು ಓದು" ಎಂದರು ಶೆಟ್ಟರು. "ನಿಧಾನ ಓದು. ನನಗೆ ಅರ್ಥ ಆಗುವ ಹಾಗೆ."

ಆರ್‌ಟಿಒ ಕಚೇರಿಯ ಬೆಂಚು ಸವೆಸಿ ಶೆಟ್ಟರು ಕಲಿತ ವಿದ್ಯೆ ಒಂದಿತ್ತು. ಹಿಂದೆ ಅವರ ಬಸ್ಸಿನ ಟೈಮಿಗೆ ಎದುರಾಳಿ ಒಬ್ಬ ತಕರಾರು ಹಾಕಿದಾಗ ಇವರು ತನ್ನ ಬಸ್ಸು ಎಷ್ಟು ಚಂದ, ಸೀಟು ಎಷ್ಟು ಮೆತ್ತಗೆ ಎಂದೆಲ್ಲ ಹೇಳಿ ಸೋತಿದ್ದರು. ಎರಡನೇ ಸಲ ತಕರಾರು ಯಾವ ಶಬ್ದಕ್ಕೆ ಎಂದು ಹುಡುಕಿ ಅದಕ್ಕೆ ಮಾತ್ರ ಉತ್ತರ ಕೊಟ್ಟಿದ್ದರು. ಪರ್ಮಿಟ್ ಸಿಕ್ಕಿತ್ತು. ಪರ್ಮಿಟ್ ಇಲ್ಲ ಅಂದದ್ದಕ್ಕೆ ಮನೆಗೆ ಹೋಗಿ ಮಲಗಿದ ಯಾವನೂ ನಮ್ಮ ಜಿಲ್ಲೆಯಲ್ಲಿ ಬಸ್ಸು ಓಡಿಸಿಲ್ಲ.

ದೀಕ್ಷಿತಾ ಓದಿದಳು. ಶೆಟ್ಟರು ಎರಡು ಸಲ ಓದಿಸಿದರು.

"ತಕರಾರು ಸುಧಾಕರನಿಗಾ, ಪ್ಯಾಸೆಂಜರಿಗಾ?"

"ಪ್ಯಾಸೆಂಜರಿಗೆ."

"ಬಸ್ಸಲ್ಲಿ ಡ್ರೈವರ್ ಅಲ್ಲದೆ ಕಂಡಕ್ಟರ್ ಸಹ ಇರ್ತಾನಲ್ಲ. ಅವನು ಪ್ಯಾಸೆಂಜರಾ?"

ದೀಕ್ಷಿತಾ ಹಣೆಗೆ ಕೈ ಬಡಿದುಕೊಂಡಳು. "ಅಲ್ಲ ಮಾವ. ಸಿಬ್ಬಂದಿ. ವಿಮಾನ ರಿಪೇರಿ ಮಾಡುವವರನ್ನು ಸಿಬ್ಬಂದಿ ಅಂತ ಹಾಕಲಿಕ್ಕೆ ಆಗ್ತದೆ. ನಿಮ್ಮನ್ನು ಪ್ಯಾಸೆಂಜರ್ ಅಂತ ಹಾಕಿದ್ದು ಯಾರು?"

"ಯಾರೋ ಒಬ್ಬ ಪೆದ್ದ" ಎಂದು ಶೆಟ್ಟರು ಎದ್ದು ನಿಂತರು. "ಸುಲೈಮಾನ್‌ಗೆ ಫೋನ್ ಮಾಡು. ಹೆಸರು ತೆಗೆಯಬಾರದು ಅಂತ ಹೇಳು."

ಸುಲೈಮಾನ್ ಹೆಸರು ತೆಗೆದಿರಲಿಲ್ಲ. "ನೀನು ಸಿಟ್ಟಲ್ಲಿ ಹೇಳಿದ್ದನ್ನೆಲ್ಲ ಮಾಡಿದ್ದರೆ ನಾನು ಯಾವಾಗಲೋ ಮಣ್ಣಾಗ್ತಿದ್ದೆ ಮಾರಾಯ" ಎಂದರು. ತನ್ನ ಜನರನ್ನೆಲ್ಲ ಹಿಡಿದು, ಮೂರನೇ ದಿನ ಆ ದೇಶದ ಅಧಿಕಾರಿಯನ್ನು ವೀಡಿಯೊ ಕಾಲಿಗೆ ತಂದು ಕೂರಿಸಿದರು.

ಅಧಿಕಾರಿ ಮೃದು ಮಾತಿನ ಮನುಷ್ಯ. ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ದೀಕ್ಷಿತಾ ಕನ್ನಡದಲ್ಲಿ ಹೇಳುತ್ತಿದ್ದಳು. ಮೊದಲ ಪ್ರಶ್ನೆಯೇ ಕೊರಳಿಗೆ ಬಂತು. ಹೋದ ವಾರ ಪ್ರಯಾಣಿಕರಾಗಿದ್ದವರು ಈ ವಾರ ಸಿಬ್ಬಂದಿ ಆದದ್ದು ಹೇಗೆ?

ಸುಲೈಮಾನ್ ಮೇಜಿನ ಕೆಳಗೆ ಶೆಟ್ಟರ ಕಾಲು ಒತ್ತಿದರು. ಜಾಣತನದ ಉತ್ತರ ಒಂದನ್ನು ಇಬ್ಬರೂ ಸೇರಿ ತಯಾರು ಮಾಡಿಟ್ಟಿದ್ದರು. ಶೆಟ್ಟರು ಅದನ್ನು ಬಿಟ್ಟು ಟಿಕೆಟಿನ ಸಂಗತಿಯನ್ನೇ ಹೇಳಿದರು. ತನ್ನ ಬಸ್ಸಿಗೂ ತಾನು ಟಿಕೆಟ್ ತೆಗೆದದ್ದು, ವಿಮಾನದಲ್ಲೂ ಇಪ್ಪತ್ತು ರೂಪಾಯಿ ಕೊಟ್ಟದ್ದು, ಆ ಅಭ್ಯಾಸದಲ್ಲಿ ಪ್ಯಾಸೆಂಜರ್ ಅಂತ ಬರೆಸಿದ್ದು. "ತಪ್ಪು ನಂದೇ. ಕೆಲಸ ಮಾತ್ರ ನಾನು ಸಿಬ್ಬಂದಿಯದ್ದೇ ಮಾಡುವುದು. ಅವಳು ಮುಂದೆ ನೋಡ್ತಾಳೆ, ಉಳಿದದ್ದೆಲ್ಲ ನಾನು ನೋಡ್ತೇನೆ. ಪೆಟ್ರೋಲು, ಆಯಿಲು, ಶಬ್ದ. ಇಳಿದ ಊರಲ್ಲಿ ಬಿಚ್ಚಿ ಕಟ್ಟುವವನೂ ನಾನೇ."

ಅಧಿಕಾರಿ ನಿಯಮದ ಕಾಗದ ತಿರುವಿದರು. ಆಮೇಲೆ ಹೇಳಿದರು: ಸರಿ, ಸಿಬ್ಬಂದಿ ಎಂದು ಒಪ್ಪುತ್ತೇವೆ. ಆದರೆ ಸಿಬ್ಬಂದಿ ಎಂದ ಮೇಲೆ ಸಿಬ್ಬಂದಿಯ ನಿಯಮ. ಅಷ್ಟು ದೂರ ಕಡಲ ಮೇಲೆ ಬರುವವರು, ವಿಮಾನ ನೀರಿಗೆ ಬಿದ್ದರೆ ಪಾರಾಗುವ ತರಬೇತಿ ಪಾಸಾಗಿರಬೇಕು. ಹೊರಡುವ ದಿನಕ್ಕೆ ಮೊದಲು ಅದರ ಸರ್ಟಿಫಿಕೇಟು ನಮಗೆ ಮುಟ್ಟಬೇಕು. ಮುಟ್ಟದಿದ್ದರೆ ಪೈಲಟ್ ಒಬ್ಬರೇ.

ಫೋನ್ ಇಟ್ಟ ಮೇಲೆ ದೀಕ್ಷಿತಾ ಖುಷಿಯಲ್ಲಿ ಕುರ್ಚಿಯಿಂದ ಹಾರಿದಳು. "ಅದು ಎಂತ ದೊಡ್ಡದಲ್ಲ ಮಾವ. ನಂದು ಯಾವಾಗಲೋ ಆಗಿದೆ. ಕೊಚ್ಚಿಯಲ್ಲಿ ಒಂದು ದಿನದ ಕೆಲಸ. ವಿಮಾನದ ಹಾಗೆ ಇರುವ ಒಂದು ಗೂಡಿನಲ್ಲಿ ಬೆಲ್ಟು ಕಟ್ಟಿ ಕೂರಿಸಿ ನೀರಿಗೆ ತಲೆಕೆಳಗೆ ಮಗುಚಿ ಹಾಕ್ತಾರೆ. ಬಾಗಿಲು ತೆಗೆದು ಹೊರಗೆ ಬಂದರೆ ಆಯ್ತು. ಸ್ವಲ್ಪ ಈಜು ಗೊತ್ತಿದ್ದರೆ ಸಾಕು."

"ಆಯ್ತು" ಎಂದು ಶೆಟ್ಟರು ಹೊರಗೆ ಬಂದರು.

ನೇತ್ರಾವತಿಯ ದಡದಲ್ಲಿ ಹುಟ್ಟಿ ಬೆಳೆದ ಈ ಮನುಷ್ಯನಿಗೆ ಈಜು ಬರುವುದಿಲ್ಲ ಎಂಬ ಸಂಗತಿ ಊರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅದು ಅವರ ತಂಗಿ, ದೀಕ್ಷಿತಾಳ ತಾಯಿ ಪ್ರೇಮಾವತಿ. ಎಪ್ಪತ್ತನಾಲ್ಕರ ನೆರೆಯಲ್ಲಿ ಬಂಟ್ವಾಳ ಪೇಟೆ ಮುಳುಗಿದಾಗ ಅಣ್ಣ ತಂಗಿ ಇಬ್ಬರೂ ಸಣ್ಣವರು. ಮನೆಯ ಅಟ್ಟದ ಮೇಲೆ ಕೂತು ಕೆಳಗೆ ನೀರು ಏರುವುದನ್ನು ನೋಡಿದ್ದರು. ಕೊಟ್ಟಿಗೆಯಲ್ಲಿ ಕಟ್ಟಿದ್ದ ದನ ಕೂಗುತ್ತಿತ್ತು. ಆಮೇಲೆ ಕೂಗಲಿಲ್ಲ. ಅಂದಿನಿಂದ ಶೆಟ್ಟರು ನೀರಿಗೆ ಮೊಣಕಾಲಿಗಿಂತ ಮೇಲೆ ಇಳಿದವರಲ್ಲ. ದಾರಿಯಲ್ಲಿ ಹೊಳೆಯ ಸೇತುವೆ ದಾಟುವಾಗ ಡ್ರೈವರ್ ಸೀಟಿನಲ್ಲಿ ನೇರ ಮುಂದೆ ನೋಡುತ್ತಿದ್ದರು, ಜನ ಅದನ್ನು ಶಿಸ್ತು ಅಂದುಕೊಂಡಿದ್ದರು.

ಅವರು ಸೀದಾ ಬೆಳ್ತಂಗಡಿಗೆ ತಂಗಿಯ ಮನೆಗೆ ಹೋದರು. ಪ್ರೇಮಾವತಿ ಎಲ್ಲ ಕೇಳಿ, "ಅರುವತ್ತಕ್ಕೆ ಅರಳು ಮರುಳು ಅಂತ ಸುಮ್ಮನೆ ಹೇಳುವುದಾ?" ಎಂದರು. "ನಿನ್ನ ಹೆದರಿಕೆ ಅವಳಿಗೆ ಹೇಳು. ಅವಳು ಒಬ್ಬಳೇ ಹೋಗಿ ಬರ್ತಾಳೆ."

"ಹೇಳಿದರೆ ಅವಳು ಹೋಗುವುದಿಲ್ಲ. ಈಗಲೇ ಬರುವ ವರ್ಷ ಅಂತಿದ್ದಾಳೆ."

"ಹಾಗಾದರೆ?"

"ಹಾಗಾದರೆ ಎಂತದು, ಕಲಿಯುವುದು. ಮೂಡುಬಿದಿರೆಯಲ್ಲಿ ಈಜುಕೊಳ ಉಂಟಂತೆ."

ಪ್ರೇಮಾವತಿ ಎದ್ದು ಸೆರಗು ಸರಿ ಮಾಡಿಕೊಂಡರು. "ನಾನೂ ಬರ್ತೇನೆ. ಮುಳುಗಿದರೆ ಕೂಗಲಿಕ್ಕೆ ಒಬ್ಬರು ಬೇಕಲ್ಲ."

ಮರುದಿನ ಬೆಳಿಗ್ಗೆ ಮೂಡುಬಿದಿರೆಯ ಕೊಳದಲ್ಲಿ ಏನು ನಡೆಯಿತೆಂದು ಶೆಟ್ಟರು ಯಾರಿಗೂ ಹೇಳಿಲ್ಲ, ಪ್ರೇಮಾವತಿ ಎಲ್ಲ ಮುಗಿದ ಮೇಲೆ ಎಲ್ಲರಿಗೂ ಹೇಳಿದ್ದಾರೆ. ಪಂಚೆ ಉಟ್ಟು ಇಳಿಯಲು ಬಿಡಲಿಲ್ಲ. ಗಿಡ್ಡ ಚಡ್ಡಿ, ತಲೆಗೆ ರಬ್ಬರ್ ಟೊಪ್ಪಿ. ಬೇಸಿಗೆ ರಜೆಯ ಪಿಳ್ಳೆಗಳ ಮಧ್ಯೆ ಅಂಚಿನ ಕಂಬಿ ಹಿಡಿದು ನಿಂತ ಶೆಟ್ಟರನ್ನು ಕಂಡು ಒಂದು ಹುಡುಗಿ, "ಅಜ್ಜ, ಇಲ್ಲಿ ನೀರು ನನ್ನ ಸೊಂಟಕ್ಕೆ ಮಾತ್ರ ಬರುವುದು" ಎಂದು ಸಮಾಧಾನ ಹೇಳಿದಳು. ಕಲಿಸುವ ಭವಿತ್ ಒಳ್ಳೆಯ ಜನ. "ಶೆಟ್ರೇ, ಇವತ್ತು ಮುಖ ನೀರಲ್ಲಿ ಇಟ್ಟು ತೆಗೆದರೆ ಸಾಕು" ಎಂದ. ಶೆಟ್ಟರು ಮುಖ ಇಟ್ಟರು. ಕಿವಿಯೊಳಗೆ ನೀರಿನ ಗುಂಯ್ ಶಬ್ದದ ಜೊತೆ ಕೊಟ್ಟಿಗೆಯ ಆ ಕೂಗು ಕೇಳಿತು. ಎದ್ದು ಅಂಚಿಗೆ ಬಂದು ವಾಂತಿ ಮಾಡಿಕೊಂಡರು.

"ಸಾಕು ಅಣ್ಣ, ಮನೆಗೆ ಹೋಗುವ" ಎಂದರು ಪ್ರೇಮಾವತಿ. ಅವರ ಕಣ್ಣಲ್ಲಿ ನೀರಿತ್ತು. ಅಟ್ಟದ ಮೇಲೆ ಅವರೂ ಕೂತಿದ್ದವರಲ್ಲವೇ.

ಶೆಟ್ಟರು ಬಾಯಿ ಒರೆಸಿಕೊಂಡರು. "ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು" ಎಂದು ಮತ್ತೆ ಇಳಿದರು.

ದಿನಾ ಹೋದರು. ದೀಕ್ಷಿತಾಳಿಗೆ ಬಿಡಿಭಾಗ ತರಲು ಹೋಗುತ್ತೇನೆ ಎಂದು ಸುಳ್ಳು ಹೇಳಿ ಹೋದರು. ಮೊದಲು ಕಂಬಿ ಬಿಟ್ಟರು, ಆಮೇಲೆ ನೆಲ ಬಿಟ್ಟರು. ಅಂದಚಂದದ ಈಜು ಬರಲಿಲ್ಲ. ಬಿದ್ದ ನಾಯಿ ದಡಕ್ಕೆ ಬರುವಷ್ಟು ಬಂತು. ಕೊಟ್ಟಿಗೆಯ ಕೂಗು ನಿಲ್ಲಲಿಲ್ಲ, ಆದರೆ ಅದು ಕೇಳುತ್ತಿರುವಾಗಲೂ ಕೈಕಾಲು ಬಡಿಯಬಹುದು ಎಂದು ಅವರಿಗೆ ಗೊತ್ತಾಯಿತು. ಬಿಸುವಿನ ದಿನವೂ ಕೊಳ ತೆಗೆಸಿದರು. ಅದರ ಮರುದಿನ ದೀಕ್ಷಿತಾಳ ಜೊತೆ ಕೊಚ್ಚಿಗೆ ರೈಲು ಹತ್ತಿದರು.

ಕೊಚ್ಚಿಯ ಕೊಳ ಆಳದ್ದು, ನೀರು ಕಪ್ಪಗೆ ಕಾಣುತ್ತಿತ್ತು. ಗೂಡಿನಲ್ಲಿ ಕೂರಿಸಿ ಬೆಲ್ಟು ಬಿಗಿದರು. ಇಳಿಸಿದರು, ಮಗುಚಿದರು. ಮೂಗಿಗೆ ನೀರು ನುಗ್ಗಿತು, ಮೇಲು ಯಾವುದು ಕೆಳಗೆ ಯಾವುದು ತಿಳಿಯಲಿಲ್ಲ, ದನ ಕೂಗಿತು. ಶೆಟ್ಟರು ಎರಡೂ ಕೈಯಲ್ಲಿ ಬೆಲ್ಟು ಹರಿಯಲು ಹೋದರು. ನೀರಿನೊಳಗೆ ಕಾವಲಿದ್ದ ಇಬ್ಬರು ಅವರನ್ನು ಎಳೆದು ಮೇಲೆ ತಂದರು.

ದಡದಲ್ಲಿ ನಿಂತಿದ್ದ ದೀಕ್ಷಿತಾ ಓಡಿ ಬಂದಳು. ಅವರು ಅಂಚಿನ ಕಂಬಿಯನ್ನು ಬಿಡದೆ ಹಿಡಿದದ್ದು ನೋಡಿ ಅವಳಿಗೆ ಎಲ್ಲ ಅರ್ಥವಾಯಿತು. "ಮಾವ, ನಿಮಗೆ ಈಜು ಬರುವುದಿಲ್ಲವಾ?"

"ಈಗ ಬರ್ತದೆ. ಹೋದ ವಾರದಿಂದ."

ಅವಳು ಅವರ ಪಕ್ಕದಲ್ಲೇ ಒದ್ದೆ ನೆಲದಲ್ಲಿ ಕೂತುಬಿಟ್ಟಳು. "ನನಗೆ ಯಾಕೆ ಹೇಳಲಿಲ್ಲ? ಬೇಡ ಮಾವ. ಈ ಒಂದು ಸೀಟಿಗೋಸ್ಕರ ನೀವು ಸಾಯುವುದು ಬೇಡ."

ಕಲಿಸುವವರೂ ಬಂದು, ಇವತ್ತು ಇಲ್ಲಿಗೆ ಬಿಡಿ, ಮುಂದಿನ ತಿಂಗಳ ತಂಡದಲ್ಲಿ ಬನ್ನಿ ಎಂದರು.

"ಮುಂದಿನ ತಿಂಗಳು ಬಸ್ಸು ಹೋಗಿ ಆಗಿರ್ತದೆ" ಎಂದರು ಶೆಟ್ಟರು. "ಇನ್ನೊಂದು ಟ್ರಿಪ್ಪು ಉಂಟಲ್ಲ ಇವತ್ತು? ಅದಕ್ಕೆ ಕೂರಿಸಿ." ಮತ್ತೆ ದೀಕ್ಷಿತಾಳ ಕಡೆ ತಿರುಗಿ ಕೇಳಿದರು, "ಆ ನೀರಲ್ಲಿ ನೀನು ಎಂತ ಮಾಡಿದ್ದಿ? ಕೈ ಎಲ್ಲಿ ಇಟ್ಟಿದ್ದಿ?"

"ಒಂದು ಕೈ ಬಾಗಿಲ ಹಿಡಿಯಲ್ಲಿ ಇರಬೇಕು ಮಾವ. ಅದನ್ನು ಬಿಡಲಿಕ್ಕಿಲ್ಲ. ಇನ್ನೊಂದು ಕೈಯಲ್ಲಿ ಬೆಲ್ಟು ತೆಗೆಯುವುದು. ಹಿಡಿದ ಕೈ ಹಿಂದೆಯೇ ಹೊರಗೆ ಹೋಗುವುದು."

ಶೆಟ್ಟರು ಅವಳನ್ನೇ ನೋಡಿದರು. ಇದನ್ನು ಮೊದಲೇ ಹೇಳಬಾರದಿತ್ತೇ? ಇದು ಕಂಡಕ್ಟರನ ಪಾಠ. ಶಾಲೆ ಬಿಡುವ ಹೊತ್ತಿನ ರಶ್ಶಿನಲ್ಲಿ, ತಿರುವಿನಲ್ಲಿ ವಾಲುವ ಬಸ್ಸಿನಲ್ಲಿ, ಮುಂದಿನಿಂದ ಹಿಂದೆ ಟಿಕೆಟ್ ಹರಿಯುತ್ತಾ ಹೋಗುವವನಿಗೆ ಮೊದಲ ದಿನ ಹೇಳಿಕೊಡುವುದೇ ಇದು: ಒಂದು ಕೈ ಕಂಬಿಯಲ್ಲಿರಲಿ, ಅದನ್ನು ಬಿಡುವ ಮೊದಲು ಇನ್ನೊಂದು ಕೈ ಹಿಡಿದಿರಲಿ.

ಎರಡನೇ ಸಲ ಮಗುಚುವಾಗ ಶೆಟ್ಟರ ಬಲಗೈ ಬಾಗಿಲ ಹಿಡಿಯನ್ನು ಹಿಡಿದಿತ್ತು. ನೀರು ನುಗ್ಗಿತು. ದನ ಕೂಗಿತು. ಕೂಗಲಿ ಎಂದು ಬಿಟ್ಟರು. ಎಡಗೈ ಬೆಲ್ಟು ಬಿಚ್ಚಿತು, ಬಲಗೈ ಇದ್ದ ಕಡೆ ಮೈ ಹೋಯಿತು. ತಲೆ ನೀರಿನ ಮೇಲೆ ಬಂದಾಗ ಮೊದಲು ಕೇಳಿದ್ದು ದೀಕ್ಷಿತಾ ಚಪ್ಪಾಳೆ ತಟ್ಟುತ್ತಾ ಅಳುವ ಶಬ್ದ. ನಿಯಮದ ಪ್ರಕಾರ ಇನ್ನೂ ಎರಡು ಸಲ ಮಗುಚಬೇಕಿತ್ತು. ಎರಡು ಸಲವೂ ಬಂದರು.

ಸುಲೈಮಾನ್ ಸರ್ಟಿಫಿಕೇಟನ್ನು ಆ ದೇಶಕ್ಕೆ ಕಳಿಸಿ, ಫೋನಿನ ಪಕ್ಕದಿಂದ ಏಳದೆ ಕೂತರು. ಉತ್ತರ ಬಂದಾಗ ಶೆಡ್ಡಿಗೆ ಬಂದು ಅದನ್ನು ತಾವೇ ಗಟ್ಟಿಯಾಗಿ ಓದಿದರು. ಸಿಬ್ಬಂದಿ ಇಬ್ಬರು, ಪ್ರಯಾಣಿಕರು ಇಲ್ಲ. "ಇನ್ನು ಯಾವ ಊರಲ್ಲಾದರೂ ಟಿಕೆಟ್ ತೆಗೆದೆಯೋ, ಅಲ್ಲಿಗೇ ಬಂದು ಹೊಡೀತೇನೆ ನೋಡು" ಎಂದು ಗೆಳೆಯನನ್ನು ಅಪ್ಪಿಕೊಂಡರು.

ಹೊರಡುವ ಬೆಳಿಗ್ಗೆ ಬಜಪೆಯಲ್ಲಿ ಮೋಡ ಇರಲಿಲ್ಲ. ಪ್ರೇಮಾವತಿ ಮತ್ತು ಸುಲೈಮಾನ್ ಬೇಲಿಯ ಆಚೆ ನಿಂತಿದ್ದರು. ಶೆಟ್ಟರು ರೆಕ್ಕೆ, ಬಾಲ, ಚಕ್ರ ಎಲ್ಲ ಮುಟ್ಟಿ ನೋಡಿ ಬಂದು ತನ್ನ ಸೀಟಿಗೆ ಹತ್ತಿದರು. ಕೂತ ಕೂಡಲೇ ಅವರ ಕೈ ತನ್ನಷ್ಟಕ್ಕೆ ಅಂಗಿಯ ಕಿಸೆಗೆ ಹೋಯಿತು. ದೀಕ್ಷಿತಾ ತನ್ನ ಪರ್ಸಿನಿಂದ ಹಳೆಯ ಇಪ್ಪತ್ತರ ನೋಟು ತೆಗೆದು ಅದೇ ಕಿಸೆಗೆ ತುರುಕಿದಳು. "ಸಿಬ್ಬಂದಿಗೆ ಟಿಕೆಟ್ ಇಲ್ಲ ಮಾವ."

ಎಂಜಿನ್ನು ಸ್ಟಾರ್ಟ್ ಆಯಿತು. ವಿಮಾನ ನಿಧಾನ ಉರುಳಿ ರನ್‌ವೇಯ ತುದಿಗೆ ಬಂದು ನಿಂತಿತು. ಕಿವಿಯ ಹೆಡ್‌ಫೋನಿನಲ್ಲಿ ಟವರಿನವರು ಹೊರಡಲು ಅನುಮತಿ ಕೊಟ್ಟರು. ದೀಕ್ಷಿತಾ ಅವರಿಗೆ ಉತ್ತರ ಕೊಟ್ಟಳು, ಆದರೆ ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

"ಎಂತ ಆಯ್ತು?" ಶೆಟ್ಟರು ಅವಳ ಕಡೆ ತಿರುಗಿದರು. "ಟವರಿನವರು ಕೊಟ್ಟರಲ್ಲ."

"ಕೊಟ್ಟರು. ದಿಲ್ಲಿಯವರು ಕೊಟ್ಟರು, ಎಲ್ಲ ದೇಶದವರೂ ಕೊಟ್ಟರು." ಅವಳು ನೇರ ಮುಂದೆಯೇ ನೋಡುತ್ತಿದ್ದಳು. "ಒಬ್ಬರದ್ದು ಬಾಕಿ ಉಂಟು. ಅವರು ಹೇಳದೆ ಬಿಡುವುದು ಹೇಗೆ?"

ಶೆಟ್ಟರು ಬಾಗಿಲ ಹಿಡಿ ಎಳೆದು ನೋಡಿದರು, ಭದ್ರವಾಗಿತ್ತು. ಓಡಿ ಬರುವವರು ಯಾರಾದರೂ ಇದ್ದಾರೆಯೇ ಎಂದು ಹಳೆಯ ಅಭ್ಯಾಸದಲ್ಲಿ ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. ಆಮೇಲೆ ತನ್ನದೇ ರಿವೆಟ್ಟುಗಳ ಮೇಲೆ ಬೆರಳ ಗಂಟಿನಿಂದ ಎರಡು ಸಲ ಬಡಿದರು.

"ರೈಟ್" ಎಂದರು.